ಯಾರು ಹೇಳಿದರು ಮುಗಿಯಿತು ಅಂತ?

ಹಿಂಜವಡಿಯ ಗೆಳೆಯರಿಗೆ ನಮಸ್ಕಾರ.

ಹತ್ತಾರು ಸರ್ವರ್‌ಗಳ ಮೇಲೆ ಎಸ್ಎಸ್ಎಚ್ (ದೂರದ ಮಶೀನಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ) ಮೂಲಕ ಒಂದೇ ಕಮಾಂಡ್ ಓಡಿಸುವ ಪರ್ಲ್ ಸ್ಕ್ರಿಪ್ಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಪುಣೆಯಲ್ಲಿ ಕೂತು ಇಂಥದ್ದನ್ನು ಕನ್ನಡದಲ್ಲಿ ಬರೆದಿರಿ, ಖುಷಿಯಾಯಿತು. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು. ಅವನ್ನು ತಿದ್ದದೆ ಅಚ್ಚಿಗೆ ಕಳಿಸಲಾರೆ.

ಮೊದಲನೆಯದು, ಒಂದೊಂದೇ ಸರ್ವರಿಗೆ ಹೋಗುವ ಲೂಪ್ ಒಳಗಿದೆ. ಬ್ಯಾಕ್‌ಟಿಕ್ (`) ಚಿಹ್ನೆಯೊಳಗೆ ಎಸ್ಎಸ್ಎಚ್ ಕರೆದು, ಬಂದದ್ದನ್ನು ವೇರಿಯಬಲ್‌ಗೆ ಹಾಕಿದ್ದೀರಿ. ಮುಂದಿನ ಸಾಲಲ್ಲೇ ‘ಯಶಸ್ವಿಯಾಗಿ ಮುಗಿಯಿತು’ ಎಂದು ಪ್ರಿಂಟ್. ಯಾರು ಹೇಳಿದರು ಮುಗಿಯಿತು ಅಂತ? ನಡುವೆ ಒಂದು ಸಲವೂ $? (ಕಮಾಂಡ್ ಹೇಗೆ ಮುಗಿಯಿತೆಂದು ಪರ್ಲ್ ಬರೆದಿಡುವ ವೇರಿಯಬಲ್) ನೋಡಿಲ್ಲ. ಅದನ್ನು 8 ಬಿಟ್ ಬಲಕ್ಕೆ ಸರಿಸಿದರೆ ಎಕ್ಸಿಟ್ ಕೋಡ್, ಅಂದರೆ ಗೆದ್ದಿತೋ ಸೋತಿತೋ ಹೇಳುವ ಸಂಖ್ಯೆ, ಸಿಗುತ್ತದೆ. 0 ಬಂದರೆ ಸರಿ. 255 ಬಂದರೆ ಸಾಮಾನ್ಯವಾಗಿ ಎಸ್ಎಸ್ಎಚ್ಚೇ ಸೋತಿದೆ: ಸರ್ವರ್ ಸಿಕ್ಕಿಲ್ಲ, ಇಲ್ಲವೇ ಗುರುತು ಹೇಳುವ ಕೀ ಒಪ್ಪಿಲ್ಲ. ಬೇರೆ ಸಂಖ್ಯೆ ಬಂದರೆ ಒಳಗೆ ಹೋದದ್ದಾಯಿತು, ಅಲ್ಲಿನ ಕಮಾಂಡ್ ಕೆಟ್ಟಿತು. ಎರಡಕ್ಕೂ ಮದ್ದು ಬೇರೆ ಬೇರೆ ಅಲ್ವಾ? ಇನ್ನೊಂದು, ಬ್ಯಾಕ್‌ಟಿಕ್ ಹಿಡಿಯುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಮಾತ್ರ. ತಪ್ಪಿನ ಸಂದೇಶ ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ದಾರಿಗೆ ಹೋಗುತ್ತದೆ, ನಿಮ್ಮ ಲಾಗ್‌ಗೆ ಬರುವುದೇ ಇಲ್ಲ.

ಮುಂಬೈ ಅಂಧೇರಿಯ ಸೀಪ್ಝ್ ಕೈಗಾರಿಕಾ ವಲಯದಲ್ಲಿ ನಾನು ಕೆಲಸ ಕಲಿಯುವಾಗ ಮಂಗಳೂರು ಕಡೆಯ ಹಿರಿಯರೊಬ್ಬರಿದ್ದರು. ಸ್ಕ್ರಿಪ್ಟ್ ತೋರಿಸಿದರೆ ಓದುತ್ತಲೇ ಇರಲಿಲ್ಲ. ಟೆಸ್ಟ್ ಮಶೀನಿನ ನೆಟ್‌ವರ್ಕ್ ಕೇಬಲ್ ಕಿತ್ತು, ‘ಈಗ ಓಡ್ಸು ಮಾರಾಯಾ, ಎಂತ ಹೇಳ್ತದೆ ನೋಡುವ’ ಎನ್ನುತ್ತಿದ್ದರು. ಆಮೇಲೆ ಕೇಬಲ್ ಹಾಕಿ, ಇಲ್ಲದ ಡೈರೆಕ್ಟರಿಯ ಹೆಸರು ಕೊಟ್ಟು ಇನ್ನೊಮ್ಮೆ. ಎರಡು ತಪ್ಪಿಗೂ ಸ್ಕ್ರಿಪ್ಟ್ ಬೇರೆ ಬೇರೆ ಮಾತು ಹೇಳಿದರೆ ಮಾತ್ರ ಚಹಾಕ್ಕೆ ಕರೆಯುತ್ತಿದ್ದರು. ನಿಮ್ಮ ಸ್ಕ್ರಿಪ್ಟನ್ನೂ ಹಾಗೇ ಓಡಿಸಿ ನೋಡಿದೆ. ಎರಡೂ ಸಲ ‘ಯಶಸ್ವಿ’.

ಎರಡನೆಯದು, ‘ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್=ನೋ’ ಎಂಬ ಎಸ್ಎಸ್ಎಚ್ ಆಯ್ಕೆ ಹಾಕಿದರೆ, ‘ಈ ಸರ್ವರಿನ ಕೀ ಗೊತ್ತಿಲ್ಲ, ಮುಂದೆ ಹೋಗಲೇ?’ ಎಂಬ ಯೆಸ್-ನೋ ಪ್ರಶ್ನೆಯ ಕಿರಿಕಿರಿ ಇಲ್ಲ ಎಂದಿದ್ದೀರಿ. ಆ ಪ್ರಶ್ನೆ ಸುಮ್ನೆ ಇಟ್ಟದ್ದಲ್ಲ. ಫಿನ್ಲೆಂಡಿನ ಟಾಟು ಯಲೋನೆನ್ 1995ರಲ್ಲಿ ಎಸ್ಎಸ್ಎಚ್ ಬರೆದದ್ದೇ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಕಳವಾದ ಮೇಲೆ. ಆ ಕಡೆ ಇರುವ ಮಶೀನ್ ಯಾವುದೆಂದೇ ಗೊತ್ತಿಲ್ಲದಿದ್ದರೆ ಎನ್‌ಕ್ರಿಪ್ಟ್ ಮಾಡಿ ಏನು ಬಂತು? ‘ನೋ’ ಅಂದಿರೋ, ಸರ್ವರಿನ ಕೀ ಬದಲಾಗಿದ್ದರೂ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆ ಎಚ್ಚರಿಕೆಯೂ ಸ್ಟ್ಯಾಂಡರ್ಡ್ ಎರರ್‌ಗೇ! ಓಪನ್‌ಎಸ್ಎಸ್ಎಚ್ (ಹೆಚ್ಚಿನವರು ಬಳಸುವ ಎಸ್ಎಸ್ಎಚ್ ತಂತ್ರಾಂಶ) 7.6ರಲ್ಲಿ, ಅಂದರೆ 2017ರಲ್ಲೇ, ‘ನೋ’ ಬದಲು ಹಾಕಬಹುದಾದ ‘ಅಕ್ಸೆಪ್ಟ್-ನ್ಯೂ’ ಬಂದಿದೆ. ಅದು ಹೊಸ ಸರ್ವರನ್ನು ಸೇರಿಸಿಕೊಳ್ಳುತ್ತದೆ, ಕೀ ಬದಲಾದದ್ದನ್ನು ತಡೆಯುತ್ತದೆ. ಜೊತೆಗೆ ‘ಬ್ಯಾಚ್‌ಮೋಡ್=ಯೆಸ್’ ಹಾಕಿ, ಪಾಸ್‌ವರ್ಡ್‌ಗೆ ಕಾಯುತ್ತಾ ನಿಲ್ಲುವುದಿಲ್ಲ.

ಸೋತ ಸರ್ವರ್‌ಗಳ ಪಟ್ಟಿ ಕೊನೆಯಲ್ಲಿ ಕಾರಣ ಸಮೇತ ಬರುವಂತೆ ಬರೆದು, ಆ ಔಟ್‌ಪುಟ್ಟನ್ನೂ ಲೇಖನದ ಜೊತೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.