ಸ್ಪೆರ್ಲೋಂಗಾ ಲೇಖನ: ನಿಮ್ಮ ನಿಜವಾದ ಕಥೆ ಕೊನೆಯ ಪುಟದಲ್ಲಿದೆ

ನಮಸ್ಕಾರ. ಇಟಲಿಯ ಕರಾವಳಿ ಹಳ್ಳಿ ಸ್ಪೆರ್ಲೋಂಗಾ ಬಗ್ಗೆ ನೀವು ಕಳಿಸಿದ ಪ್ರವಾಸ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಅಪರೂಪದ ಕಥೆ ಇದೆ. ಅದಕ್ಕೇ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೊದಲ ಸಾಲು ನೋಡಿ. ‘ಸ್ವರ್ಗವೇ ಧರೆಗಿಳಿದಂತಿದ್ದ ಆ ರಮಣೀಯ ತಾಣ ಕಣ್ಣಿಗೆ ಹಬ್ಬವಾಗಿತ್ತು.’ ಈ ಸಾಲನ್ನು ಜೋಗಕ್ಕೂ ಹಾಕಬಹುದು, ಕಾಶ್ಮೀರಕ್ಕೂ ಹಾಕಬಹುದು. ಓದುವವರಿಗೆ ಏನೂ ಕಾಣುವುದಿಲ್ಲ. ರೋಮ್ ಮತ್ತು ನೇಪಲ್ಸ್ ನಡುವೆ, ಸಮುದ್ರಕ್ಕೆ ಚಾಚಿಕೊಂಡ ಬಂಡೆ. ಅದರ ಮೇಲೆ ಬಿಳಿ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಓಣಿಗಳು, ತುದಿಯಲ್ಲಿ ತ್ರೂಲ್ಯಾ ಎಂಬ ಕಾವಲು ಗೋಪುರ. ಇಷ್ಟು ಸಾಕು. ಆ ಗೋಪುರದಲ್ಲಿ ಕಾವಲು ಯಾಕೆ ಬೇಕಿತ್ತು ಎಂಬುದೂ ನಿಮ್ಮ ಲೇಖನದಲ್ಲೇ ಇದೆ, ಆದರೆ ಎರಡು ಪುಟ ಆಚೆ! 1534ರಲ್ಲಿ ಒಟ್ಟೊಮನ್ ನೌಕಾಪಡೆಯ ಬಾರ್ಬರೋಸಾ ಈ ಊರನ್ನು ಸೂರೆ ಮಾಡಿದ. ಗೋಪುರ ಮತ್ತು ದಾಳಿ ಒಟ್ಟಿಗೆ ಬರಲಿ.

ರೋಮನ್ ಚಕ್ರವರ್ತಿಗಳ ಪಟ್ಟಿಯನ್ನು ಪೂರ್ತಿ ತೆಗೆಯಿರಿ. ಈ ಊರಿಗೆ ಬೇಕಾದವನು ಟೈಬೀರಿಯಸ್ ಒಬ್ಬನೇ. ಅವನ ಕಡಲ ದಂಡೆಯ ಬಂಗಲೆ ಇಲ್ಲಿತ್ತು. ಅದಕ್ಕೆ ಸೇರಿದ ಗುಹೆಯಲ್ಲಿ ಔತಣ ನಡೆಯುತ್ತಿತ್ತು. ಕ್ರಿ.ಶ. 26ರಲ್ಲಿ ಊಟದ ಹೊತ್ತಿಗೆ ಗುಹೆಯ ಬಾಯಿಯ ಬಂಡೆಗಳು ಕುಸಿದವು, ಕೆಲವು ಸೇವಕರು ಸತ್ತರು. ಸೆಜಾನಸ್ ಎಂಬ ಅಧಿಕಾರಿ ಮಂಡಿಯೂರಿ, ದೊರೆಯ ಮೇಲೆ ಬಾಗಿ, ಬೀಳುವ ಕಲ್ಲಿಗೆ ತನ್ನ ಮೈಯನ್ನೇ ಒಡ್ಡಿದ. ಇದನ್ನು ಬರೆದಿಟ್ಟವನು ಇತಿಹಾಸಕಾರ ಟ್ಯಾಸಿಟಸ್. ಅಂದಿನಿಂದ ದೊರೆಗೆ ಸೆಜಾನಸ್‌ನ ಮೇಲೆ ನಂಬಿಕೆ ಹೆಚ್ಚಿತು. ಐದು ವರ್ಷದ ನಂತರ ಅದೇ ದೊರೆ ಅವನನ್ನು ಕೊಲ್ಲಿಸಿದ! ಇದನ್ನು ನೀವು ‘ಒಂದು ಅವಘಡವೂ ಸಂಭವಿಸಿತ್ತು’ ಎಂದು ದಾಟಿಬಿಟ್ಟಿದ್ದೀರಲ್ಲ, ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಒಂದು ತಪ್ಪನ್ನು ಮಾತ್ರ ಬಿಡುವ ಹಾಗಿಲ್ಲ. ಹಾವುಗಳು ಸುತ್ತಿಕೊಂಡ ತಂದೆ-ಮಕ್ಕಳ ಪ್ರಸಿದ್ಧ ಲಾವೊಕೂನ್ ಶಿಲ್ಪ ಈ ಗುಹೆಯಲ್ಲಿ ಸಿಕ್ಕಿತು ಎಂದಿದ್ದೀರಿ. ಅದು ಸಿಕ್ಕಿದ್ದು ರೋಮ್‌ನಲ್ಲಿ, 1506ರಲ್ಲಿ. ಈಗ ವ್ಯಾಟಿಕನ್‌ನಲ್ಲಿದೆ. ಗೊಂದಲಕ್ಕೆ ಕಾರಣವೂ ಇದೆ. ಅದನ್ನು ಕೆತ್ತಿದವರೆಂದು ಪ್ರಾಚೀನ ರೋಮನ್ ಲೇಖಕ ಪ್ಲಿನಿ ಹೇಳುವ ರೋಡ್ಸ್ ದ್ವೀಪದ ಮೂವರ ಹೆಸರು, ಸ್ಪೆರ್ಲೋಂಗಾದ ಶಿಲ್ಪವೊಂದರ ಮೇಲೂ ಇದೆ. ಅವರೇ ಇವರಾ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗಂತಲೇ ಬರೆಯಿರಿ.

ಈಗ ನಿಮ್ಮ ಕೊನೆಯ ಪುಟ. ‘ಸ್ಥಳೀಯರ ವಿರೋಧದ ನಂತರ ಇಲ್ಲೇ ಮ್ಯೂಸಿಯಂ ಕಟ್ಟಲಾಯಿತು.’ ಅಯ್ಯೋ, ಇದೇ ಅಲ್ವಾ ಕಥೆ! 1957ರಲ್ಲಿ ಕರಾವಳಿ ರಸ್ತೆಯ ಕೆಲಸ ನಡೆಯುತ್ತಿದ್ದಾಗ ಗುಹೆಯಲ್ಲಿ ಸಾವಿರಾರು ಅಮೃತಶಿಲೆಯ ಚೂರುಗಳು ಸಿಕ್ಕವು. ಅವನ್ನು ರೋಮ್‌ಗೆ ಸಾಗಿಸಲು ಹೊರಟಾಗ ಊರಿನವರು ದಾರಿಗೆ ಅಡ್ಡ ನಿಂತರು, ಕಲ್ಲುಗಳನ್ನು ಬಿಟ್ಟುಕೊಡಲಿಲ್ಲ. 1963ರಲ್ಲಿ ಆ ಜಾಗದ ಪಕ್ಕದಲ್ಲೇ ಮ್ಯೂಸಿಯಂ ತೆರೆಯಿತು. ದೊಡ್ಡ ಊರು ಕೇಳಿದಾಗ ಸಣ್ಣ ಊರು ಇಲ್ಲ ಎಂದಿತು, ಗೆದ್ದಿತು. ಲೇಖನ ಇಲ್ಲಿಂದಲೇ ಶುರುವಾಗಲಿ.

ಆಮೇಲೆ ನಮ್ಮನ್ನು ಮ್ಯೂಸಿಯಂ ಒಳಗೆ ಕರೆದುಕೊಂಡು ಹೋಗಿ. ‘ಅದ್ಭುತ ಶಿಲ್ಪಗಳಿವೆ’ ಎನ್ನಬೇಡಿ. ನೀವೇ ತೆಗೆದು ಕಳಿಸಿದ ಫೋಟೋದಲ್ಲಿ ಸ್ಕಿಲ್ಲಾ ಎಂಬ ಸಮುದ್ರ ರಾಕ್ಷಸಿಯ ಕೈ ಇದೆ. ಅವಳ ಮೈ ಬಹುಪಾಲು ಉಳಿದಿಲ್ಲ. ಆದರೆ ಆ ದಪ್ಪ ಬೆರಳುಗಳು ನಾವಿಕನೊಬ್ಬನ ತಲೆಗೂದಲನ್ನು ಇನ್ನೂ ಬಿಗಿಯಾಗಿ ಹಿಡಿದಿವೆ. ಅದನ್ನು ನಿಂತು ನೋಡಿದವರು ನೀವು. ಆ ಕೈಗೆ ಒಂದು ಪ್ಯಾರಾ ಕೊಡಿ. ಕುರುಡನಾಗುತ್ತಿರುವ ಒಕ್ಕಣ್ಣ ದೈತ್ಯ ಪಾಲಿಫೀಮಸ್‌ಗೆ ಇನ್ನೊಂದು. ಇವರಿಬ್ಬರೂ ಬರುವುದು ಗ್ರೀಕ್ ಪುರಾಣದ ವೀರ ಯುಲಿಸಿಸ್‌ನ ಕಥೆಯಲ್ಲಿ; ಅದು ಗೊತ್ತಿಲ್ಲದ ಓದುಗರಿಗೆ ಎರಡೇ ಸಾಲಿನ ಪರಿಚಯ ಸಾಕು.

ಹೋಟೆಲ್ ಬಾಡಿಗೆ, ಐಸ್‌ಕ್ರೀಮ್ ರುಚಿ, ವಿಮಾನ ತಡವಾದದ್ದು ಎಲ್ಲಾ ಹೋಗಲಿ. ಸಾವಿರ ಪದ ಮೀರದ ಹಾಗೆ ಮತ್ತೆ ಬರೆದು ಕಳಿಸಿ. ಜೊತೆಗೆ ಆ ಕೈಯ ಫೋಟೋದ ಮೂಲ ಫೈಲ್ ಕಳಿಸಿ, ಈಗಿನದು ಅಚ್ಚಿಗೆ ತೀರಾ ಚಿಕ್ಕದು.