ಕಪ್ಪು ಬಟ್ಟೆ ಮೊದಲೋ, ಮೌನ ಮೊದಲೋ?

ಓದುಗರ ಪ್ರಶ್ನೆಗೆ ಆಪ್ತಸಮಾಲೋಚಕಿಯ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಈಗ 15. ಎಂಟು ತಿಂಗಳ ಹಿಂದಿನವರೆಗೂ ಎಲ್ಲರ ಮಕ್ಕಳ ಹಾಗೇ ಇದ್ದ. ಈಗ ದಿನಾ ಕಪ್ಪು ಟೀ ಶರ್ಟು. ಅದರ ಮೇಲೆ ಒಣಗಿದ ಮುಳ್ಳುಕಂಟಿಯಂಥ ಅಕ್ಷರ, ಯಾವ ಕಡೆಯಿಂದ ನೋಡಿದರೂ ಓದಲಾಗುವುದಿಲ್ಲ. ಕಣ್ಣಿಗೆ ಕಾಡಿಗೆ ಬೇರೆ. ಹೆಡ್‌ಫೋನ್ ಹಾಕಿಕೊಂಡರೂ ಆಚೆಗೆ ಕಿರುಚಾಟ ಕೇಳಿಸುತ್ತೆ, ಹೆವಿ ಮೆಟಲ್ ಅನ್ನೋ ಸಂಗೀತವಂತೆ. ಏನೋ ಇದು ಅಂದರೆ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮಾ’ ಅಂತಾನೆ. ಅವನ ರೂಮಿನ ಗೋಡೆಯಲ್ಲಿದ್ದ ತಲೆಬುರುಡೆ ಪೋಸ್ಟರನ್ನು ನಮ್ಮವರು ಹೋದ ವಾರ ಸಿಟ್ಟಿನಲ್ಲಿ ಹರಿದುಹಾಕಿದರು. ಅವತ್ತಿನಿಂದ ಅಪ್ಪ-ಮಗನಿಗೆ ಮಾತಿಲ್ಲ. ಇದು ಸೈತಾನನ ಪೂಜೆ ಮಾಡುವವರ ಸಂಗೀತ ಅಂತ ಯಾರೋ ಇವರ ತಲೆಗೆ ತುಂಬಿದ್ದಾರೆ. ಮಗ ಕೈತಪ್ಪಿ ಹೋಗ್ತಿದ್ದಾನಾ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಟ್ಟೆ ಇದೆ, ಕಾಡಿಗೆ ಇದೆ, ಪೋಸ್ಟರ್ ಇದೆ. ನಾನು ಹುಡುಕುತ್ತಿದ್ದುದು ಮಾತ್ರ ಸಿಗಲಿಲ್ಲ. ಅವನು ಸರಿಯಾಗಿ ಊಟ ಮಾಡುತ್ತಾನಾ? ರಾತ್ರಿ ಎಷ್ಟೊತ್ತಿಗೆ ಮಲಗುತ್ತಾನೆ? ಹಳೆಯ ಗೆಳೆಯರು ಈಗಲೂ ಫೋನ್ ಮಾಡುತ್ತಾರಾ? ಶಾಲೆಗೆ ಹೊರಡುವಾಗ ಹೊಟ್ಟೆನೋವು ಅನ್ನುತ್ತಾನಾ? ಇಂಥದ್ದು ಒಂದೂ ಪತ್ರದಲ್ಲಿಲ್ಲ. ಇವೆಲ್ಲ ಸರಿಯಿದ್ದು ಬರೆಯದೆ ಬಿಟ್ಟಿದ್ದರೆ ನನಗೆ ಸಂತೋಷ. ಗಮನಿಸಿಯೇ ಇಲ್ಲವಾದರೆ, ಇವತ್ತು ರಾತ್ರಿ ನೀವಿಬ್ಬರೂ ಕೂತು ಒಂದು ಲೆಕ್ಕ ಹಾಕಿ: ಮಗ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದು ಯಾವಾಗಿನಿಂದ, ಈ ಸಂಗೀತ ಹಚ್ಚಿಕೊಂಡಿದ್ದು ಯಾವಾಗಿನಿಂದ?

ನನ್ನ ಬಳಿ ಬರುವ ಹೆತ್ತವರಿಗೆಲ್ಲ ಮೊದಲು ಇದನ್ನೇ ಕೇಳುತ್ತೇನೆ. ‘ಈ ಹಾಡು ಶುರುವಾದ ಮೇಲೆ ಹುಡುಗ ಹೀಗಾದ’ ಎಂದು ಹೇಳಿದವರಲ್ಲಿ ಎಷ್ಟೋ ಜನ ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಾ ಸುಮ್ಮನಾಗುತ್ತಾರೆ. ಶಾಲೆ ಬದಲಾಗಿರುತ್ತದೆ, ಆಪ್ತ ಗೆಳೆಯ ದೂರವಾಗಿರುತ್ತಾನೆ, ಮೈಕಟ್ಟಿನ ಬಗ್ಗೆ ಯಾರೋ ತರಗತಿಯಲ್ಲಿ ಆಡಿಕೊಂಡಿರುತ್ತಾರೆ. ಮೌನ ಮೊದಲು ಬಂದಿರುತ್ತದೆ, ಕಪ್ಪು ಟೀ ಶರ್ಟು ಆಮೇಲೆ. ಮಳೆಯಲ್ಲಿ ನೆನೆದು ಯಾವುದೋ ಜಗಲಿಯಲ್ಲಿ ನಿಂತ ಹುಡುಗನಿಗೆ ‘ಆ ಜಗಲಿ ಸರಿಯಿಲ್ಲ, ಇಳಿ’ ಎಂದರೆ ಅವನು ಹೋಗುವುದೆಲ್ಲಿಗೆ?

ಎಲ್ಲ ಮಕ್ಕಳದೂ ಹೀಗೆ ದುಃಖದ ಕತೆ ಎಂದುಕೊಳ್ಳಬೇಡಿ. ಬಹಳಷ್ಟು ಮಕ್ಕಳಿಗೆ ಆ ಗಿಟಾರಿನ ಸದ್ದು ಇಷ್ಟ, ಅಷ್ಟೇ. ಅದಕ್ಕೆ ಕಾರಣ ಹುಡುಕುತ್ತಾ ಹೋಗುವುದೂ ಒಂದು ಥರದ ಅವಮಾನ.

ಸೈತಾನನ ವಿಚಾರಕ್ಕೆ ಬರೋಣ. ಹೆವಿ ಮೆಟಲ್‌ನ ಆ ಭಾರವಾದ ಸದ್ದಿನ ಹಿಂದೆ ಒಬ್ಬ ಕಾರ್ಖಾನೆ ಹುಡುಗನ ಕೈ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲೋಹದ ತಗಡು ಒತ್ತುವ ಕೆಲಸಕ್ಕಿದ್ದ ಟೋನಿ ಐಯೋಮಿ ತನ್ನ 17ನೇ ವಯಸ್ಸಿನಲ್ಲಿ ಬಲಗೈಯ ಎರಡು ಬೆರಳ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡ. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತಲು ಅವನಿಗೆ ಬೇಕಾಗಿದ್ದುದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ. 1970ರಲ್ಲಿ ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂತು. 1970ರಲ್ಲಿ ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂತು. ನಿಮ್ಮ ಮನೆಯವರಿಗೆ ಈ ಕತೆ ಹೇಳಿ ನೋಡಿ. ಸಿಟ್ಟು ಒಂದು ಗೆರೆಯಷ್ಟಾದರೂ ಇಳಿದೀತು.

ಈ ಸಂಗೀತಕ್ಕೆ ಹೆದರಿದವರಲ್ಲಿ ನೀವೇ ಮೊದಲಿಗರಲ್ಲ. 1990ರಲ್ಲಿ ಅಮೆರಿಕದ ರೀನೋ ನಗರದಲ್ಲಿ, ಹಾಡಿನೊಳಗೆ ಅಡಗಿಸಿಟ್ಟ ಮಾತೇ ಇಬ್ಬರು ಯುವಕರನ್ನು ಆತ್ಮಹತ್ಯೆಗೆ ದೂಡಿತೆಂದು ಜೂಡಾಸ್ ಪ್ರೀಸ್ಟ್ ಬ್ಯಾಂಡಿನ ಮೇಲೆ ಮೊಕದ್ದಮೆ ನಡೆಯಿತು. ತೀರ್ಪು ಬ್ಯಾಂಡಿನ ಪರ ಬಂತು. ಇದಕ್ಕಿಂತ ಕೆಟ್ಟದ್ದು ಅರ್ಕಾನ್ಸಾ ರಾಜ್ಯದ ಪ್ರಕರಣ. ಮೂವರು ಪುಟ್ಟ ಮಕ್ಕಳ ಕೊಲೆಗೆ 1994ರಲ್ಲಿ ಮೂವರು ಹುಡುಗರಿಗೆ ಶಿಕ್ಷೆಯಾಯಿತು. ಕಪ್ಪು ಬಟ್ಟೆ ಹಾಕುವುದು, ಮೆಟಲ್ ಕೇಳುವುದು ಇವೂ ನ್ಯಾಯಾಲಯದಲ್ಲಿ ಅವರ ವಿರುದ್ಧದ ಮಾತಾಗಿಬಿಟ್ಟವು. ತಾವು ನಿರಪರಾಧಿಗಳೆಂದು ಹೇಳುತ್ತಲೇ ತಪ್ಪೊಪ್ಪಿಗೆ ಸಲ್ಲಿಸುವ ಒಂದು ವಿಚಿತ್ರ ಕಾನೂನು ಒಪ್ಪಂದದ ಮೇಲೆ ಅವರು ಹೊರಬಂದಿದ್ದು 2011ರಲ್ಲಿ. ಅವರಲ್ಲಿ ಒಬ್ಬ ಅಲ್ಲಿಯವರೆಗೂ ಮರಣದಂಡನೆಯ ತೀರ್ಪು ಹೊತ್ತು ಜೈಲಿನಲ್ಲಿದ್ದ. ಟೀ ಶರ್ಟ್ ನೋಡಿ ಮನುಷ್ಯನನ್ನು ಅಳೆದರೆ ಎಲ್ಲಿಯವರೆಗೆ ಹೋಗಬಹುದು ನೋಡಿ.

ಹಾಗೆಂದು ಎಲ್ಲವೂ ನಿರಪಾಯ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಈ ಸಂಗೀತದ್ದೇ ಕವಲಾದ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ನಿಜಕ್ಕೂ ಚರ್ಚುಗಳಿಗೆ ಬೆಂಕಿಯಿಟ್ಟರು, ಕೊಲೆಯನ್ನೂ ಮಾಡಿದರು. ಇವತ್ತಿಗೂ ಜನಾಂಗದ್ವೇಷವನ್ನೇ ಹಾಡುವ ಸಣ್ಣ ಮೂಲೆಯೊಂದು ಈ ಲೋಕದಲ್ಲಿದೆ. ತಲೆಬುರುಡೆ ನನ್ನನ್ನು ಹೆದರಿಸುವುದಿಲ್ಲ. ಯಾವುದೋ ಜನರನ್ನು ಕೀಳೆಂದು ಕರೆಯುವ ಮಾತು ಮಗನ ಬಾಯಲ್ಲಿ ಬಂದರೆ ಹೆದರಿಸುತ್ತದೆ. ಅದು ಬಂದ ದಿನ ಸುಮ್ಮನಿರಬೇಡಿ, ಅಲ್ಲೇ ತಡೆದು ಮಾತಾಡಿ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಬ್ರಿಟನ್ನಿನಲ್ಲಿ 3,694 ಮಕ್ಕಳನ್ನು 15ನೇ ವಯಸ್ಸಿನಿಂದ 18ರವರೆಗೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ತಾವು ಅಪ್ಪಟ ‘ಗಾತ್’ (ಕಪ್ಪು ಉಡುಪು, ಕಾಡಿಗೆ, ಮಂಕು ಸಂಗೀತ ಮೆಚ್ಚುವ ಬಳಗ) ಎಂದುಕೊಂಡ ಮಕ್ಕಳಲ್ಲಿ ಖಿನ್ನತೆ, ತಮ್ಮನ್ನೇ ಗಾಯಗೊಳಿಸಿಕೊಳ್ಳುವ ಚಾಳಿ ಎರಡೂ ಉಳಿದವರಿಗಿಂತ ಹೆಚ್ಚಿದ್ದವು. ಆ ಮಕ್ಕಳು ಮೊದಲೇ ಹೆಚ್ಚು ಪೀಡನೆ ಅನುಭವಿಸಿದ್ದರು, ಮೊದಲೇ ಹೆಚ್ಚು ಮಂಕಾಗಿದ್ದರು ಎಂಬುದೂ ಅಲ್ಲೇ ಕಂಡಿತು. ಆ ಲೆಕ್ಕ ಕಳೆದ ಮೇಲೂ ನಂಟು ಪೂರ್ತಿ ಅಳಿಯಲಿಲ್ಲ. ಗಾತ್ ಆಗಿದ್ದರಿಂದಲೇ ಹೀಗಾಯಿತು ಎನ್ನಲಾಗದು ಎಂದು ಸಂಶೋಧಕರೇ ಹೇಳಿದರು. ಗಾತ್ ಮಕ್ಕಳಲ್ಲೂ ಹೆಚ್ಚಿನವರಿಗೆ ಖಿನ್ನತೆ ಇರಲಿಲ್ಲ. ಇದರಿಂದ ನಾನು ತೆಗೆದುಕೊಳ್ಳುವ ಅರ್ಥ: ಬಟ್ಟೆಯನ್ನು ರೋಗ ಅಂದುಕೊಳ್ಳಬೇಡಿ, ಆದರೆ ಮಗುವಿನ ಕಡೆ ಇನ್ನಷ್ಟು ನೋಟ ಇರಲಿ.

ಸೆಖೆಯಲ್ಲೂ ತುಂಬುತೋಳು ಬಿಡದಿದ್ದರೆ, ಬ್ಲೇಡುಗಳು ಕಾಣೆಯಾಗುತ್ತಿದ್ದರೆ, ಇಷ್ಟದ ವಸ್ತುಗಳನ್ನು ಅವರಿಗೆ ಇವರಿಗೆ ಕೊಟ್ಟುಬಿಡುತ್ತಿದ್ದರೆ ನೇರವಾಗಿ ಕೇಳಿ: ‘ನಿನ್ನ ಕೈಗೆ ನೀನೇ ಏನಾದ್ರೂ ಮಾಡ್ಕೊಳ್ತಿದೀಯಾ? ಸಾಯಬೇಕು ಅನ್ನಿಸುತ್ತಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಎಂದರೆ ಬೈಯಬೇಡಿ, ಅಳುತ್ತಾ ಕೂರಬೇಡಿ. ಒಬ್ಬನನ್ನೇ ಬಿಡದೆ ಆದಷ್ಟು ಬೇಗ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪೋಸ್ಟರ್ ವಿಷಯ. ತಪ್ಪಾಯಿತು, ತಂದೆಯೇ ಸರಿಮಾಡಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಮಗ ಮಾತಾಡುತ್ತಿಲ್ಲ ಎಂಬ ಸಂಕಟಕ್ಕೆ ಮಾತಿನ ಕೊನೆಯ ಎಳೆಯನ್ನೂ ಹರಿದಿದ್ದಾರೆ. ಹೊಸ ಪೋಸ್ಟರ್ ತಂದು ಮಗನ ಮುಂದೆ ಹಿಡಿಯಬೇಕಿಲ್ಲ, ಅದು ಲಂಚದಂತೆ ಕಾಣುತ್ತದೆ. ‘ನಿನ್ನ ವಸ್ತು ಹರೀಬಾರದಿತ್ತು ಕಣೋ. ಯಾವುದು ಬೇಕು ಹೇಳು, ತರೋಣ’ ಎಂದರೆ ಸಾಕು. ‘ಆದರೆ ನೀನೂ...’ ಎಂದು ಬಾಲ ಸೇರಿಸಬಾರದು.

ನೀವು ಮಾಡಬೇಕಾದ್ದು ಇನ್ನೂ ಕಷ್ಟದ ಕೆಲಸ. ಒಂದು ಹಾಡನ್ನು ಪೂರ್ತಿ ಕೇಳಿ. ಹೀಗೇ ಒಬ್ಬ ಹುಡುಗ ನನ್ನ ಕೋಣೆಯಲ್ಲಿ ಮೂರು ಭೇಟಿ ತುಟಿ ಬಿಚ್ಚಿರಲಿಲ್ಲ. ನಾಲ್ಕನೇ ಸಲ ‘ನಿನಗಿಷ್ಟದ್ದು ಒಂದು ಹಾಕು’ ಎಂದೆ. ಇಯರ್‌ಫೋನಿನ ಒಂದು ಗುಂಡು ನನ್ನ ಕಿವಿಗೆ, ಇನ್ನೊಂದು ಅವನ ಕಿವಿಗೆ. ಹನ್ನೊಂದು ನಿಮಿಷ. ಏಳನೆಯ ನಿಮಿಷಕ್ಕೆ ನನಗೆ ತಲೆನೋವು ಶುರುವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಆಗ ಅಬ್ಬರವೆಲ್ಲ ನಿಂತು ಒಂದೇ ಗಿಟಾರ್ ಉಳಿಯಿತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ‘ಇದಕ್ಕೋಸ್ಕರ ಅಷ್ಟೂ ಗಲಾಟೆನಾ?’ ಎಂದೆ. ‘ಹ್ಞೂಂ, ಅದಕ್ಕೇ’ ಎಂದು ನಕ್ಕ. ಅವತ್ತು ಶಾಲೆಯ ಬಸ್ಸಿನಲ್ಲಿ ನಡೆಯುತ್ತಿದ್ದುದನ್ನು ಹೇಳಿದ.

ನಿಮಗೆ ಹಾಡು ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ. ಚೆನ್ನಾಗಿದೆ ಎಂದು ನಾಟಕವಾಡಿದರೆ ಈ ವಯಸ್ಸಿನವರು ಕ್ಷಣದಲ್ಲಿ ಹಿಡಿದುಬಿಡುತ್ತಾರೆ. ನೀವೂ ಕಪ್ಪು ಟೀ ಶರ್ಟ್ ಹಾಕಿಕೊಂಡು ಅವನ ಗೆಳೆಯರ ಮುಂದೆ ನಿಲ್ಲುವ ಸಾಹಸವಂತೂ ಬೇಡವೇ ಬೇಡ.

ಪ್ರಶ್ನೆ: 13 ವರ್ಷದ ಮಗಳು ಪಂಕ್ ಹಾಡುಗಳ ಹುಚ್ಚಿನಲ್ಲಿ ಕೂದಲಿಗೆ ನೀಲಿ ಬಣ್ಣ, ಹುಬ್ಬಿಗೆ ರಿಂಗ್ ಬೇಕು ಅಂತ ಹಟ ಹಿಡಿದಿದ್ದಾಳೆ. ಎರಡಕ್ಕೂ ಬೇಡ ಅಂದೆ. ಊಟ ಬಿಟ್ಟಿದ್ದಾಳೆ.
– ಒಬ್ಬ ತಂದೆ

ಉತ್ತರ: ಒಂದಕ್ಕೆ ಹ್ಞೂಂ ಅನ್ನಿ. ಕೂದಲು ಮತ್ತೆ ಬೆಳೆಯುತ್ತದೆ. ಶಾಲೆಯ ನಿಯಮ ನೋಡಿಕೊಂಡು, ಬೇಕಾದರೆ ರಜೆಯಲ್ಲಿ, ಕೆಲವು ಸಲ ತೊಳೆದರೆ ಹೋಗುವ ಬಣ್ಣ ಆರಿಸಿ. ಗಾಢ ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದುಂಟು, ಕೆಲವರಿಗೆ ಅದರಿಂದ ಮುಖವೆಲ್ಲ ಊದಿಕೊಳ್ಳುತ್ತದೆ. ಹಚ್ಚುವ 48 ಗಂಟೆ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕಿ ಇಟ್ಟು ನೋಡಿ. ಈ ಕೆಲಸ ಅವಳಿಗೇ ಬಿಡಿ, ಎರಡು ದಿನ ಕಾಯುವುದು ಅವಳಿಗೂ ಒಳ್ಳೆಯದು.

ಹುಬ್ಬಿನ ರಿಂಗ್ ಬೇರೆ ಮಾತು. ಹುಬ್ಬಿನ ಚರ್ಮ ರಿಂಗನ್ನು ನಿಧಾನವಾಗಿ ಹೊರಗೆ ತಳ್ಳುವುದುಂಟು, ಕಲೆ ಉಳಿಯುತ್ತದೆ. ‘ಸದ್ಯಕ್ಕೆ ಬೇಡ, 16 ಆದ ಮೇಲೂ ಬೇಕನ್ನಿಸಿದರೆ ನಾನೇ ಕರ್ಕೊಂಡು ಹೋಗ್ತೀನಿ’ ಎಂದು ಹೇಳಿ, ಹೇಳಿದ ಮೇಲೆ ಉಳಿಸಿಕೊಳ್ಳಿ. ಅಲ್ಲಿಯವರೆಗೆ ಚುಚ್ಚದೆ ಸಿಕ್ಕಿಸುವ ರಿಂಗ್ ಇದೆ. ಏನೂ ಕೊಡದಿದ್ದರೆ ಸ್ನಾನದ ಮನೆಯಲ್ಲಿ ಪಿನ್ನಿನಿಂದ ತಾವೇ ಚುಚ್ಚಿಕೊಳ್ಳುವ ಮಕ್ಕಳಿದ್ದಾರೆ, ಕೀವು ತುಂಬಿದ ಹುಬ್ಬನ್ನು ನಾನೇ ನೋಡಿದ್ದೇನೆ. ಒಂದು ಮಾತಿಗೆ ಒಪ್ಪಿದರೆ ಊಟದ ಮುಷ್ಕರ ತಾನಾಗಿ ಮುಗಿದೀತು. ಊಟ ಬಿಡುವುದು ವಾರ ದಾಟಿದರೆ ಅಥವಾ ಮೊದಲಿಂದಲೇ ತೂಕ ಇಳಿಯುತ್ತಿದ್ದರೆ ಅದು ಹಟವಾಗಿರಲಿಕ್ಕಿಲ್ಲ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗ ಬ್ಯಾಂಡ್ ಕಟ್ಟಿದ್ದಾನೆ. ಹಾಡುವುದಲ್ಲ, ಗುರುಗುಟ್ಟುವುದು. ಗಂಟಲು ಹಾಳಾಗಲ್ವಾ?

ಉತ್ತರ: ಗಂಟಲು ಹಿಸುಕಿ ಬರೀ ಅರಚಿದರೆ ಹಾಳಾಗುತ್ತದೆ. ಪಳಗಿದವರು ಹಾಗೆ ಮಾಡುವುದಿಲ್ಲ. ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವುಗಳನ್ನು ಕಂಪಿಸಿ, ಉಸಿರನ್ನು ಹೊಟ್ಟೆಯಿಂದ ಅಳತೆಯಲ್ಲಿ ಬಿಟ್ಟು ಆ ಗುಟುರು ಹೊರಡಿಸುತ್ತಾರೆ. ಕಲಿಸುವ ಗುರುಗಳೂ ಇದ್ದಾರೆ. ನೋವಾದರೆ ಆ ಕ್ಷಣ ನಿಲ್ಲಿಸಬೇಕು. ಧ್ವನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು ನೋಡಲಿ.

ನನ್ನನ್ನು ಕೇಳಿದರೆ ಗಂಟಲಿಗಿಂತ ಕಿವಿಯ ಚಿಂತೆ ಹೆಚ್ಚು. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಮಕ್ಕಳು 75 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್‌ಗೆ ಬಂದರೆ ಇಡೀ ವಾರಕ್ಕೆ ಸಿಗುವುದು ಒಂದೂಕಾಲು ಗಂಟೆ. ಡ್ರಮ್ಮಿನ ಪಕ್ಕ ನಿಂತು ಅಭ್ಯಾಸ ಮಾಡುವ ಹುಡುಗರು ಇದನ್ನು ಒಂದೇ ಸಂಜೆಯಲ್ಲಿ ಮುಗಿಸುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಅದು ರಾಗ ಕೆಡಿಸದೆ ಸದ್ದನ್ನಷ್ಟೇ ತಗ್ಗಿಸುತ್ತದೆ. ಹುಟ್ಟುಹಬ್ಬಕ್ಕೆ ಕೊಡಿ.

ಪ್ರಶ್ನೆ: 16ರ ಮಗಳು ಹಾರ್ಡ್‌ಕೋರ್ ಪಂಕ್ ಅಂತ ಏನೋ ಕೇಳುತ್ತಾಳೆ. ಎರಡೂ ಕೈ ಹಿಂಬದಿಗೆ ಕಪ್ಪು ಮಾರ್ಕರಿನಲ್ಲಿ ದೊಡ್ಡ ಎಕ್ಸ್ ಬರೆದುಕೊಳ್ಳುತ್ತಾಳೆ. ಯಾವುದಾದರೂ ಗ್ಯಾಂಗಿನ ಗುರುತಾ ಇದು? ನಿದ್ದೆ ಬರುತ್ತಿಲ್ಲ.

ಉತ್ತರ: ಅಮೆರಿಕದ ಕ್ಲಬ್ಬುಗಳಲ್ಲಿ, ಮದ್ಯ ಕೊಡಬಾರದ ವಯಸ್ಸಿನವರೆಂದು ಗೊತ್ತಾಗಲಿ ಎಂದು ಹುಡುಗರ ಕೈ ಮೇಲೆ ಎಕ್ಸ್ ಹಾಕಿ ಒಳಗೆ ಬಿಡುತ್ತಿದ್ದರು. ವಾಷಿಂಗ್ಟನ್ನಿನ ಪಂಕ್ ಹುಡುಗರು ಅದನ್ನೇ ತಮ್ಮ ಹೆಮ್ಮೆಯ ಗುರುತು ಮಾಡಿಕೊಂಡರು. 1981ರಲ್ಲಿ ಅಲ್ಲಿನ ಮೈನರ್ ಥ್ರೆಟ್ ಬ್ಯಾಂಡ್ ಹಾಡಿದ, ಒಂದು ನಿಮಿಷವೂ ಇಲ್ಲದ ಹಾಡಿನಿಂದ ಅದಕ್ಕೆ ‘ಸ್ಟ್ರೇಟ್ ಎಡ್ಜ್’ ಎಂಬ ಹೆಸರು ಬಂತು. ಕುಡಿಯುವುದಿಲ್ಲ, ಸೇದುವುದಿಲ್ಲ, ಡ್ರಗ್ಸ್ ಮುಟ್ಟುವುದಿಲ್ಲ ಎಂಬುದು ಆ ಎಕ್ಸ್‌ನ ಅರ್ಥ. ಮಗಳನ್ನೇ ಕೇಳಿ, ಗಂಟೆಗಟ್ಟಲೆ ವಿವರಿಸಿಯಾಳು. ಮಾರ್ಕರಿನ ಶಾಯಿ ಎರಡು ದಿನ ಹೋಗುವುದಿಲ್ಲ, ದಿಂಬಿನ ಚೀಲಕ್ಕೆ ಗಾಢ ಬಣ್ಣದ್ದು ಹಾಕಿ.