ಬೆಂಕಿಯಲ್ಲಿ ತೀವ್ರವಾಗಿ ಸುಟ್ಟ ಮಗುವಿಗೆ, ಗಾಯ ಮಾಯ್ದ ಮೇಲೂ ವರ್ಷಗಟ್ಟಲೆ ಚಿಕಿತ್ಸೆ ಏಕೆ ಬೇಕು?
ಗಾಯ ಮುಚ್ಚುವುದು ಚಿಕಿತ್ಸೆಯ ಮೊದಲ ಘಟ್ಟ ಮಾತ್ರ. ಮಕ್ಕಳಲ್ಲಿ ದೇಹದ ಶೇ. 10ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ದ್ರವ ಕೊಡಬೇಕಾಗುತ್ತದೆ. ಆಳವಾಗಿ ಸುಟ್ಟ ಚರ್ಮವನ್ನು ತೆಗೆದು, ತೊಡೆಯಂಥ ಆರೋಗ್ಯಕರ ಭಾಗದಿಂದ ತೆಳುವಾದ ಪದರ ತಂದು ಕಸಿ ಮಾಡುತ್ತಾರೆ. ದೊಡ್ಡ ಗಾಯಗಳಿಗೆ ಚರ್ಮ ಬ್ಯಾಂಕಿನ ದಾನದ ಚರ್ಮವನ್ನು ತಾತ್ಕಾಲಿಕ ಹೊದಿಕೆಯಾಗಿ ಬಳಸುವುದುಂಟು.

ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಮಾಯುತ್ತಿರುವ ಕಲೆ ದಪ್ಪಗಾಗಿ ಕುಗ್ಗುತ್ತಾ ಕೀಲುಗಳನ್ನು ಎಳೆದುಕೊಳ್ಳುತ್ತದೆ. ಮಗು ನೋವು ಕಡಿಮೆಯೆಂದು ಮಡಚಿ ಇಟ್ಟುಕೊಳ್ಳುವ ಭಂಗಿಯಲ್ಲೇ ಕೈಕಾಲು ಸೆಟೆದುಕೊಳ್ಳುವ ಅಪಾಯವಿರುತ್ತದೆ. ಆದ್ದರಿಂದಲೇ ಕತ್ತಿನ ಮುಂಭಾಗ ಸುಟ್ಟ ಮಗುವಿಗೆ ತಲೆದಿಂಬು ಕೊಡಬಾರದು ಎನ್ನುತ್ತಾರೆ: ದಿಂಬಿನ ಮೇಲೆ ತಲೆಯಿಟ್ಟರೆ ಗದ್ದ ಎದೆಯತ್ತ ಬಾಗಿ, ಕಲೆ ಹಾಗೆಯೇ ಬಿಗಿದುಕೊಳ್ಳಬಹುದು. ಮಲಗುವಾಗ ಸ್ಪ್ಲಿಂಟ್ (ಕೀಲು ಮಡಚಿಕೊಳ್ಳದಂತೆ ಹಿಡಿದಿಡುವ ಗಟ್ಟಿ ಪಟ್ಟಿ), ಪ್ರತಿದಿನ ಫಿಸಿಯೋಥೆರಪಿ, ಜೊತೆಗೆ ಅಳತೆಗೆ ಹೊಲಿದ ಬಿಗಿಯುಡುಪನ್ನು (ಪ್ರೆಶರ್ ಗಾರ್ಮೆಂಟ್) ದಿನಕ್ಕೆ ಸುಮಾರು 23 ಗಂಟೆಯಂತೆ, ಹಲವು ಬಾರಿ ಒಂದು ವರ್ಷಕ್ಕೂ ಹೆಚ್ಚು ಕಾಲ ತೊಡಿಸುವ ಸಲಹೆ ಇರುತ್ತದೆ. ನಮ್ಮ ಸೆಕೆಯಲ್ಲಿ, ಅದೂ ವಿಪರೀತ ತುರಿಕೆಯ ನಡುವೆ, ಇದನ್ನು ಪಾಲಿಸುವುದು ಮನೆಯವರಿಗೆ ದೊಡ್ಡ ಪರೀಕ್ಷೆಯೇ ಸರಿ.

ದೊಡ್ಡವರಿಗಿಲ್ಲದ ಇನ್ನೊಂದು ತೊಡಕೆಂದರೆ, ಮಗು ಬೆಳೆದಷ್ಟು ವೇಗವಾಗಿ ಕಲೆ ಹಿಗ್ಗುವುದಿಲ್ಲ. ಹಾಗಾಗಿ ಬೆಳವಣಿಗೆ ನಿಲ್ಲುವವರೆಗೆ ಬಿಗಿತ ಬಿಡಿಸುವ ಶಸ್ತ್ರಚಿಕಿತ್ಸೆ ಮತ್ತೆ ಮತ್ತೆ ಬೇಕಾಗಬಹುದು. ದೇಹ ಬಹುಕಾಲ ಹೆಚ್ಚು ಶಕ್ತಿ ವ್ಯಯಿಸುವುದರಿಂದ ಮೊಟ್ಟೆ, ಬೇಳೆ, ಹಾಲಿನಂಥ ಪ್ರೋಟೀನ್‌ಯುಕ್ತ ಆಹಾರ ಅವಶ್ಯ. ಪಥ್ಯದ ಹೆಸರಿನಲ್ಲಿ ಇವನ್ನು ನಿಲ್ಲಿಸುವುದು ಹಾನಿಕರ. ಮಗು ಶಾಲೆಗೆ ಮರಳುವ ಮೊದಲು ಶಿಕ್ಷಕರ ಮೂಲಕ ಸಹಪಾಠಿಗಳಿಗೆ ವಿಷಯ ತಿಳಿಸುವುದನ್ನೂ ಚಿಕಿತ್ಸೆಯ ಭಾಗವೆಂದೇ ನಾನು ಎಣಿಸುತ್ತೇನೆ.